ಇಪ್ಪತ್ತನೆಯ ಉಸಿರು

ಬೆಳಿಗ್ಗೆ ಹತ್ತು ಗಂಟೆಗೆ ಅಂಚೆಯವನು ಫೋನು ಮಾಡಿ, ಮನೆಯ ಮೆಟ್ಟಿಲಲ್ಲಿ ಕಾಲು ಉಳುಕಿದೆ, ಬರಲಾಗುವುದಿಲ್ಲ ಎಂದ. ಒಬ್ಬ ಅಂಚೆಯವನ ಕಾಲು ಉಳುಕಿದರೆ ಇನ್ನೊಬ್ಬನ ಆರು ವರ್ಷದ ಕೆಲಸ ನೆಲ ಕಚ್ಚುವುದುಂಟೆ? ಉಂಟು. ಆ ಇನ್ನೊಬ್ಬ ಫೋನನ್ನು ಕಿವಿಗೆ ಒತ್ತಿಕೊಂಡೇ ಕುರ್ಚಿಯಲ್ಲಿ ಕುಸಿದ.

ಆತ ವಿಜ್ಞಾನಿ. ಮನುಷ್ಯರು ವ್ಯಾಯಾಮ ಮಾಡುವಾಗ ಹೇಗೆ ಉಸಿರಾಡುತ್ತಾರೆ, ನಿದ್ದೆಯಲ್ಲಿ ಹೇಗೆ ಉಸಿರಾಡುತ್ತಾರೆ, ಎರಡಕ್ಕೂ ಏನು ನಂಟು ಎಂಬುದು ಅವನ ಸಂಶೋಧನೆ. ಸಂಸ್ಥೆಯಲ್ಲಿ ಎಲ್ಲರೂ ಅವನನ್ನು ಉಸಿರಪ್ಪ ಎನ್ನುತ್ತಿದ್ದರು, ಅದೂ ಎದುರಿಗೇ. ಮೂರನೆಯ ಮಹಡಿಯಲ್ಲಿ ಅವನದೊಂದು ಕೋಣೆ. ಅಲ್ಲಿ ಎಲ್ಲಿಗೂ ಹೋಗದ ಒಂದು ಸೈಕಲ್ಲು, ಒಂದು ಮಂಚ, ಮೂಗು ಬಾಯಿ ಮುಚ್ಚುವ ಮುಖವಾಡ, ಅದರ ಕೊಳವೆಯ ತುದಿಗೆ ಉಸಿರಿನ ಏರಿಳಿತವನ್ನು ಕಾಗದದ ಮೇಲೆ ಗೀಚುವ ಯಂತ್ರ. ಅರ್ಧ ಗಂಟೆ ಸೈಕಲ್ ತುಳಿಯಬೇಕು, ಆಮೇಲೆ ಒಂದು ಗಂಟೆ ನಿದ್ದೆ ಮಾಡಬೇಕು. ಪ್ರಯೋಗ ಇಷ್ಟೇ.

ಇಪ್ಪತ್ತು ಜನ ಬೇಕಿತ್ತು. ಹತ್ತೊಂಬತ್ತು ಆಗಿದ್ದರು, ಇಪ್ಪತ್ತನೆಯವನಾಗಿ ಇಂದು ಬರಬೇಕಿದ್ದವನೇ ಆ ಅಂಚೆಯವನು. ಮೊದಲನೆಯವಳು ಹೆಂಡತಿ, ಎರಡನೆಯವರು ಅತ್ತೆ, ಮೂರನೆಯವನು ಭಾವಮೈದುನ, ಹೀಗೆ ನೆಂಟರೆಲ್ಲ ಖರ್ಚಾಗಿ ಹೋಗಿದ್ದರು. ಈಗೀಗ ಮದುವೆಮನೆಗಳಲ್ಲಿ ಅವನನ್ನು ಕಂಡರೆ ಜನ ಊಟ ಬಿಟ್ಟು ಏಳುತ್ತಿದ್ದರು. ಮೇಜಿನ ಮೇಲೆ ನಿರ್ದೇಶಕರ ಪತ್ರ ಬಿದ್ದಿತ್ತು: ಇಂದು ಸಂಜೆ ನಾಲ್ಕರೊಳಗೆ ಇಪ್ಪತ್ತು ದಾಖಲೆ ಪೂರ್ಣವಾಗದಿದ್ದಲ್ಲಿ ಸಂಶೋಧನೆಯನ್ನು ನಿಲ್ಲಿಸಿ ಕೋಣೆಯನ್ನು ಕೀಟ ವಿಭಾಗಕ್ಕೆ ಒಪ್ಪಿಸತಕ್ಕದ್ದು.

ಅವನು ಹೆಂಡತಿಗೆ ಫೋನು ಮಾಡಿದ.

"ಅಮ್ಮನ್ನೇ ಇನ್ನೊಂದ್ಸಲ ಕಳಿಸ್ಲಾ?" ಎಂದಳು ಆಕೆ.

"ಒಬ್ಬರನ್ನೇ ಎರಡು ಸಲ ಎಣಿಸೋ ಹಾಗಿಲ್ಲ ಕಣೇ."

"ಹಾಗಾದ್ರೆ ಬಿಟ್ಟಾಕಿ. ಆರು ವರ್ಷದಿಂದ ನಾನು ಮಗ್ಗುಲು ಬದಲಿಸಿದ್ರೂ ಟಾರ್ಚ್ ಹಿಡ್ಕೊಂಡು ಬರ್ತೀರಿ. ಇವತ್ತಿಂದ್ಲಾದ್ರೂ ನೆಮ್ಮದಿಯಾಗಿ ಮಲಗ್ತೀನಿ."

ಫೋನು ಇಡುವಷ್ಟರಲ್ಲಿ ಸುದ್ದಿ ಮೂರೂ ಮಹಡಿ ಸುತ್ತಿ ಬಂದಿತ್ತು. ಸಂಕಟದಲ್ಲಿರುವವನಿಗೆ ಸಹಾಯ ಮಾಡಲು ಹೊರಟ ಸಹೋದ್ಯೋಗಿಗಳಿಗಿಂತ ಭಯಂಕರವಾದದ್ದು ಬೇರೆ ಇಲ್ಲ. ಮೊದಲು ಬಂದವರು ಹೆಡ್‌ಗುಮಾಸ್ತರು. ಕಡತದ ಮೇಲೆ ಪೆನ್ನು ಊರಿ, ಕಣ್ಣು ತೆರೆದುಕೊಂಡೇ ನಿದ್ದೆ ಹೊಡೆಯಬಲ್ಲ ಮಹಾನುಭಾವರು. ಬಂದವರೇ ಮುಖವಾಡ ಕಟ್ಟಿಕೊಂಡು ಮಂಚದ ಮೇಲೆ ಉರುಳಿದರು. ಎರಡೇ ನಿಮಿಷಕ್ಕೆ ಗೊರಕೆ.

"ಸಾರ್, ಮೊದಲು ಸೈಕಲ್ಲು!" ಉಸಿರಪ್ಪ ಅಲುಗಾಡಿಸಿದ.

"ತುಳಿಯೋದು ನನ್ನ ಹುದ್ದೆಗೆ ಬರಲ್ಲಪ್ಪಾ," ಎಂದರು ಅವರು ಕಣ್ಣು ಬಿಡದೆ. ಎಳೆದು ಸೈಕಲ್ಲಿನ ಮೇಲೆ ಕೂರಿಸಿದರೆ ಹ್ಯಾಂಡಲಿಗೆ ಗಲ್ಲ ಕೊಟ್ಟು, ಮುಖವಾಡದ ಸಮೇತ ಅಲ್ಲೇ ಒಂದು ಗಂಟೆ ನಿದ್ದೆ ಮುಂದುವರಿಸಿದರು.

ಆಮೇಲೆ ಅವರನ್ನು ಕೆಳಗಿಳಿಸಿ, ಗೇಟಿನ ಕಾವಲಿನವನನ್ನು ಹಿಡಿದು ತಂದದ್ದಾಯಿತು. ಅವನು ಸೈಕಲ್ಲನ್ನು ತುಳಿದ ರಭಸಕ್ಕೆ ಕಿಟಕಿಯ ಗಾಜು ನಡುಗಿತು. ಉಸಿರಪ್ಪನಿಗೆ ಹೋದ ಜೀವ ಬಂದಂತಾಯಿತು. ಆದರೆ ಮಂಚದ ಮೇಲೆ ಮಲಗಿಸಿದರೆ ಆಸಾಮಿ ಕಣ್ಣು ಮಿಟುಕಿಸಲೂ ಒಲ್ಲ. ಬಾಗಿಲು ಕಿರ್ ಎಂದಾಗಲೆಲ್ಲ ಕೊಳವೆಯ ಸಮೇತ ಎದ್ದು ನಿಂತು ಸಲಾಮು ಹೊಡೆಯುತ್ತಿದ್ದ.

"ಹನ್ನೆರಡು ವರ್ಷದಿಂದ ಮಲಗಬೇಡ ಅಂತಾನೇ ಸಾರ್ ನನಗೆ ಸಂಬಳ ಕೊಡ್ತಿರೋದು," ಎಂದ ಪಾಪ, ಮುಖವಾಡದೊಳಗಿಂದ. "ಹಗಲು ಹೊತ್ತು ಕಣ್ಣು ಮುಚ್ಚಿದ್ರೆ ಎದೆ ಡವಡವ ಅನ್ನುತ್ತೆ."

ಖಾಲಿಯಾದ ಸೈಕಲ್ಲನ್ನು ಮತ್ತೆ ಏರಿ ಒರಗಿದ್ದ ಹೆಡ್‌ಗುಮಾಸ್ತರು ಹ್ಯಾಂಡಲಿನ ಮೇಲಿಂದ ತಲೆಯೆತ್ತಿದರು. "ಅದಕ್ಯಾಕೆ ತಲೆ ಕೆಡಿಸ್ಕೋತೀಯ? ಅವನ ಸೈಕಲ್ಲು, ನನ್ನ ನಿದ್ದೆ. ಎರಡೂ ಕಾಗದ ಅಂಟಿಸಿದ್ರೆ ಒಬ್ಬ ಪೂರ್ತಿ ಮನುಷ್ಯ ಆಗ್ತಾನೆ. ಯಾವನಿಗೆ ಗೊತ್ತಾಗುತ್ತೆ?"

ಉಸಿರಪ್ಪ ಎರಡು ಕಾಗದಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದ. ಕೈ ತಾನೇ ತಾನಾಗಿ ಗೋಂದಿನ ಬಾಟಲಿಯತ್ತ ಹೋಯಿತು. ಹತ್ತೊಂಬತ್ತು ಜನರ ನಿಜವಾದ ಉಸಿರಿನ ಪಕ್ಕದಲ್ಲಿ ಈ ಅಂಟಿಸಿದ ಮನುಷ್ಯನನ್ನು ಹೇಗೆ ಕೂರಿಸುವುದು? ಬಾಟಲಿಯ ಮುಚ್ಚಳ ತಿರುಗಿಸಿ ಭದ್ರ ಮಾಡಿದ. ಅವನಿಗೆ ಅಳು ಬಂತು. ಅಷ್ಟರಲ್ಲಿ ಕೀಟ ವಿಭಾಗದ ಮೇಡಂ ಅಳತೆಯ ಟೇಪು ಹಿಡಿದು ಒಳಬಂದು ಗೋಡೆಯಿಂದ ಗೋಡೆಗೆ ಅಳೆಯತೊಡಗಿದರು.

"ಬೇಜಾರು ಮಾಡ್ಕೋಬೇಡಿ," ಎಂದರು ಆಕೆ. "ನನ್ನ ಜಿರಳೆಗಳು ಇಕ್ಕಟ್ಟಿನಲ್ಲಿ ಒದ್ದಾಡ್ತಿವೆ. ಸ್ವಲ್ಪ ಆ ತುದಿ ಹಿಡ್ಕೊಳ್ತೀರಾ?"

ಅವನು ಹಿಡಿದುಕೊಂಡ. ತನ್ನ ಗೋರಿಯ ಅಳತೆಗೆ ತಾನೇ ಹಗ್ಗ ಹಿಡಿದಂತಿತ್ತು.

ಎರಡು ಗಂಟೆಗೆ ನಿರ್ದೇಶಕರೇ ಬಂದರು. ಲಿಫ್ಟು ಕೆಟ್ಟಿತ್ತು, ಊಟ ಮುಗಿಸಿ ಮೂರು ಮಹಡಿ ಹತ್ತಿದ ಏದುಸಿರು ಅವರಿಗಿಂತ ಮೊದಲೇ ಬಾಗಿಲು ದಾಟಿತು.

"ಏನ್ರೀ ಇದು! ಕಾವಲಿನವನು ಮಂಚದ ಮೇಲೆ, ಹೆಡ್‌ಗುಮಾಸ್ತರು ಸೈಕಲ್ ಮೇಲೆ! ಗೇಟಲ್ಲಿ ಯಾರಿದಾರೆ?"

ಉಸಿರಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ಅರ್ಧ ಗಂಟೆ ಸೈಕಲ್ಲು, ಒಂದು ಗಂಟೆ ನಿದ್ದೆ. ಇಷ್ಟು ದೊಡ್ಡ ಸಂಸ್ಥೇಲಿ ಒಬ್ಬರ ಕೈಲೂ ಆಗಲ್ವಾ? ನಾಚಿಕೆ ಆಗಬೇಕು!"

"ಬಿಡಿ ಸಾರ್," ಹೆಡ್‌ಗುಮಾಸ್ತರು ಆಕಳಿಸಿದರು. "ತಮ್ಮ ಕೈಲೂ ಆಗೋದಲ್ಲ. ವಯಸ್ಸಾಯ್ತಲ್ಲ."

ಅಷ್ಟು ಸಾಕಾಯಿತು. ನಿರ್ದೇಶಕರು ಕೋಟು ಬಿಚ್ಚಿ ಮೇಡಂ ಕೈಗೆ ಕೊಟ್ಟು, ಹೆಡ್‌ಗುಮಾಸ್ತರನ್ನು ಇಳಿಸಿ, ಮುಖವಾಡ ಕಟ್ಟಿಕೊಂಡು ಸೈಕಲ್ ಏರಿದರು. ಹತ್ತು ನಿಮಿಷಕ್ಕೆ ಕೆಂಪಾದರು, ಇಪ್ಪತ್ತಕ್ಕೆ ನೇರಳೆಯಾದರು, ಆದರೂ ಹಟ ಬಿಡಲಿಲ್ಲ. ಅರ್ಧ ಗಂಟೆ ಮುಗಿದದ್ದೇ ಮಂಚದ ಮೇಲೆ ಮೂಟೆಯ ಹಾಗೆ ಬಿದ್ದರು. ಉಸಿರಪ್ಪ ಎಲ್ಲರನ್ನೂ ಹೊರಗಟ್ಟಿ, ಬಾಗಿಲು ಹಾಕಿ, ಯಂತ್ರದ ಪಕ್ಕ ಕೂತ.

ಗೆರೆ ಏರಿತು, ಇಳಿಯಿತು. ಏರಿತು, ಇಳಿಯಿತು. ಹಾಗೇ ಒಮ್ಮೆ ನಿಂತುಬಿಟ್ಟಿತು. ಉಸಿರಪ್ಪ ಗಡಿಯಾರ ನೋಡಿದ. ಹತ್ತು ಸೆಕೆಂಡು. ಇಪ್ಪತ್ತು. ಅವನು ಭುಜ ಹಿಡಿದು ಅಲುಗಿಸಬೇಕೆನ್ನುವಷ್ಟರಲ್ಲಿ ನಿರ್ದೇಶಕರು ಘರ್ರೆಂದು ಕೋಣೆಯ ಗಾಳಿಯನ್ನೆಲ್ಲ ಒಳಗೆಳೆದುಕೊಂಡರು. ಸ್ವಲ್ಪ ಹೊತ್ತಿಗೆ ಮತ್ತೆ ಹಾಗೇ. ಒಂದು ಗಂಟೆಯಲ್ಲಿ ಐವತ್ತೆರಡು ಸಲ! ಸೈಕಲ್ಲಿನ ಕಾಗದ ತೆಗೆದು ನೋಡಿದರೆ ಅಲ್ಲೂ ಉಸಿರು ತಾಳ ತಪ್ಪಿ ತಪ್ಪಿ ಮುಗ್ಗರಿಸಿತ್ತು. ಆರು ವರ್ಷದಿಂದ ಅವನು ಹುಡುಕುತ್ತಿದ್ದ ನಂಟು ಇದೇ. ಹತ್ತೊಂಬತ್ತು ಜನರಲ್ಲಿ ಎಳೆಯಾಗಿ ಕಂಡದ್ದು ಇಲ್ಲಿ ಹಗ್ಗವಾಗಿತ್ತು. ಉಸಿರಪ್ಪ ಸಂತೋಷದಿಂದ ಕಣ್ಣೊರೆಸಿಕೊಂಡ. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು.

ನಿರ್ದೇಶಕರು ಎದ್ದು ಮೈಮುರಿದರು. "ಆಹಾ! ಇಂಥ ನಿದ್ದೆ ಮಾಡಿ ಎಷ್ಟು ವರ್ಷ ಆಗಿತ್ತು! ಹೇಗೆ ಬಂದಿದೆ ನನ್ನ ಉಸಿರು?"

"ಅದ್ಭುತ ಸಾರ್! ಐವತ್ತೆರಡು ಸಲ ನಿಂತಿದೆ!"

ನಿರ್ದೇಶಕರ ಮುಖ ಸುಣ್ಣವಾಯಿತು. "ನಿಂತಿದೆಯಾ?"

"ಗಾಬರಿ ಬೇಡ ಸಾರ್, ಇದಕ್ಕೆ ಚಿಕಿತ್ಸೆ ಇದೆ. ನಾಳೇನೇ ವೈದ್ಯರಿಗೆ ತೋರಿಸಿಬಿಡಿ."

"ವೈದ್ಯರಿಗಾ? ಅವರು ವರದಿ ಬರೆದುಬಿಡ್ತಾರೆ! ಮುಂದಿನ ತಿಂಗಳು ನನ್ನ ಸೇವಾವಧಿ ವಿಸ್ತರಣೆ ಆಗಬೇಕು ಕಣ್ರೀ. ಗಂಟೆಗೆ ಐವತ್ತೆರಡು ಸಲ ಉಸಿರು ನಿಲ್ಲೋನನ್ನ ಯಾರು ಮುಂದುವರಿಸ್ತಾರೆ?" ಅವರು ಎರಡೂ ಕಾಗದಗಳನ್ನು ಮಡಿಚಿ ಜೇಬಿಗಿಳಿಸಿದರು. "ನನ್ನ ಉಸಿರಿನ ವಿಷಯ ನೀವು ಎಲ್ಲೂ ಉಸಿರೆತ್ತಕೂಡದು."

"ಸಾರ್... ಹಾಗಾದ್ರೆ ನನ್ನ ಇಪ್ಪತ್ತನೆಯದು?"

"ಯಾವ ಇಪ್ಪತ್ತನೆಯದು? ಹತ್ತೊಂಬತ್ತೇ ತಾನೇ ಇರೋದು?" ನಿರ್ದೇಶಕರು ಗಡಿಯಾರ ನೋಡುತ್ತ ಅಲ್ಲೇ ನಿಂತರು. ನಾಲ್ಕು ಹೊಡೆಯಿತು. ಮೇಜಿನ ಮೇಲಿದ್ದ ಪತ್ರದ ಅಂಚಿನಲ್ಲಿ 'ಸಂಶೋಧನೆ ನಿಲ್ಲಿಸಲಾಗಿದೆ' ಎಂದು ಗೀಚಿ ರುಜು ಹಾಕಿದರು. ಬಾಗಿಲ ತನಕ ಹೋಗಿ ತಿರುಗಿದರು.

"ಆದ್ರೆ ಕೋಣೆ ಮಾತ್ರ ಜಿರಳೆಗಳಿಗೆ ಕೊಡಲ್ಲ."

ಉಸಿರಪ್ಪನ ಎದೆಯಲ್ಲಿ ಆಸೆ ಧಿಗ್ಗನೆ ಹೊತ್ತಿಕೊಂಡಿತು. "ಸಾರ್!"

"ಮಂಚ ಬಹಳ ಚೆನ್ನಾಗಿದೆ. ನಾಳೆಯಿಂದ ದಿನಾ ಎರಡು ಗಂಟೆಗೆ ಬರ್ತೀನಿ. ನೀವು ಪಕ್ಕದಲ್ಲಿ ಕೂತಿರಿ. ಉಸಿರು ನಿಂತಾಗಲೆಲ್ಲ ಮೆಲ್ಲಗೆ ತಟ್ಟಿ."

"ಯಂತ್ರ ಸಾರ್?"

"ಯಂತ್ರ ಬೇಡ. ಅದಕ್ಕೆ ಎಲ್ಲಾ ಬರೆದಿಡೋ ಚಾಳಿ. ಬೆರಳಲ್ಲಿ ಎಣಿಸ್ಕೊಳ್ಳಿ."

ಉಸಿರಪ್ಪ ಉಸಿರೆತ್ತಲಿಲ್ಲ.