ಮಾವನ ಮೋಟಾರು ಮಕ್ಕಳು

ನನ್ನ ಸೋದರಮಾವನಿಗೆ ಇಬ್ಬರು ಗಂಡುಮಕ್ಕಳು. ಅತ್ತೆಗೆ ಇರುವುದು ಒಬ್ಬಳೇ ಮಗಳು! ಹುಬ್ಬೇರಿಸಬೇಡಿ, ನಮ್ಮದು ಮರ್ಯಾದಸ್ಥರ ಮನೆತನ. ಅಡಿಲೇಡಿನ ಬೆಟ್ಟದ ಮೇಲೆ ಮಾವನ ಮನೆಯಿದೆ. ಆ ಮನೆಯನ್ನು ಬೆಚ್ಚಗಿಡುವುದಕ್ಕೆ ಒಂದು ಹಳೆಯ ಕಲ್ಲಿದ್ದಲ ಒಲೆಯಿದೆ. ಅದರ ಎರಡು ಮೋಟಾರುಗಳೇ ಈ ಗಂಡುಮಕ್ಕಳು. ಇದ್ದಲನ್ನು ಒಳಗೆ ತಳ್ಳುವವನು ದೊಡ್ಡೋನು, ಗಾಳಿ ಊದುವವನು ಚಿಕ್ಕೋನು.

ಒಲೆ ಮನೆಯ ಜೊತೆಗೇ ಬಂದದ್ದು. ಬೇರೆ ಯಾರಾದರೂ ಆಗಿದ್ದರೆ ಗುಜರಿಗೆ ಹಾಕುತ್ತಿದ್ದರು. ಮಾವ ಮೈಸೂರಿನಲ್ಲಿ ಮೆಕ್ಯಾನಿಕಲ್ ಓದಿ, ಆಸ್ಟ್ರೇಲಿಯಾಕ್ಕೆ ಬಂದು ಜನ್ಮವಿಡೀ ಕಂಪ್ಯೂಟರ್ ಪರದೆ ನೋಡಿದವರು. ಕೈಗೆ ಗ್ರೀಸ್ ಹತ್ತಿಸಿಕೊಳ್ಳುವ ಅವಕಾಶ ಸಿಕ್ಕಿದ್ದೇ ತಡ, ದತ್ತು ತೆಗೆದುಕೊಂಡೇಬಿಟ್ಟರು! ಅತ್ತೆ ವೀಣೆ ಕಲಿಸುತ್ತಾರೆ. ಚಳಿಗೆ ಅವರ ಬೆರಳಿನ ಗೆಣ್ಣುಗಳು ಸೆಟೆದುಕೊಂಡರೆ ತಂತಿ ಮೀಟುವುದಿರಲಿ, ಕಾಫಿ ಲೋಟ ಹಿಡಿಯುವುದೂ ಕಷ್ಟ. ಅದಕ್ಕೇ ಮೊದಲ ದಿನವೇ ಷರತ್ತು ಹಾಕಿದರು.

"ನೋಡ್ರೀ, ಚಳಿಗಾಲದಲ್ಲಿ ಇದು ಒಂದೇ ಒಂದು ದಿನ ಕೈಕೊಟ್ರೂ ನಾನು ಪರ್ತ್‌ಗೆ ಹೊರಟೆ. ವಿಲೆಟನ್‌ನಲ್ಲಿ ಮಗಳ ಮನೇಲಿ ಎಸಿ ಹೀಟರ್ ಇದೆ. ಚಳಿ ಮುಗಿಯೋವರೆಗೂ ಅಲ್ಲೇ ಇರ್ತೀನಿ. ನೀವು ನಿಮ್ಮ ಗಂಡುಮಕ್ಕಳ ಜೊತೆ ಸುಖವಾಗಿರಿ!"

ಅತ್ತೆಯಿಲ್ಲದ ಮನೆಯಲ್ಲಿ ಮಾವ? ಕಾಫಿಪುಡಿ ಡಬ್ಬಿ ಎಲ್ಲಿದೆ ಅಂತ ಇಂದಿಗೂ ಗೊತ್ತಿಲ್ಲದ ಮನುಷ್ಯ! ಅಂದಿನಿಂದ ಶುರುವಾಯಿತು ನೋಡಿ ಮೋಟಾರು ಸೇವೆ. ಭಾನುವಾರ ಬಂತೆಂದರೆ ಪ್ಲಗ್ ಕಿತ್ತು, ಹಳೆಯ ಟೂತ್‌ಬ್ರಶ್ಶಿನಿಂದ ಚಿಕ್ಕೋನ ರೆಕ್ಕೆಗಳ ಬೂದಿ ಉಜ್ಜುವುದು. ಬೂದಿ ಕೂತರೆ ರೆಕ್ಕೆಯ ತೂಕ ತಪ್ಪಿ ಬೇರಿಂಗ್ ಸವೆಯುತ್ತದಂತೆ. ಆಮೇಲೆ ಕಣ್ಣಿಗೆ ಔಷಧಿ ಬಿಡುವ ಹಾಗೆ ಉಸಿರು ಬಿಗಿಹಿಡಿದು ಎರಡೇ ಹನಿ ಎಣ್ಣೆ. ಮೂರನೆಯದು ಬಿದ್ದರೆ ಧೂಳು ಅಂಟುತ್ತದೆಂದು ಅಂದೆಲ್ಲ ಮಾವನಿಗೆ ಊಟ ಸೇರದು. ಅಡಿಲೇಡಿಗೆ ಅಡಿಲೇಡೇ ಬೆಂದುಹೋಗುವ ಬೇಸಿಗೆಯಲ್ಲೂ, ಬೆಂಕಿಯಿಲ್ಲದ ಒಲೆಯ ಮೋಟಾರುಗಳನ್ನು ಆಗಾಗ ಓಡಿಸುತ್ತಾರೆ. ಯಾಕೆ ಮಾವ ಅಂತ ಕೇಳಿದರೆ, "ಆಡಿಸ್ತಾ ಇರ್ಬೇಕು ಕಣೇ. ಸುಮ್ನೆ ಬಿಟ್ರೆ ಹಿಡ್ಕೊಂಡ್ಬಿಡುತ್ತೆ" ಅನ್ನುತ್ತಾರೆ.

ರೋಗಪತ್ತೆ ಮಾತ್ರ ಅತ್ತೆಯದು. "ರೀ, ನಿಮ್ಮ ಚಿಕ್ಕೋನು ಶ್ರುತಿ ಬಿಟ್ಟಿದಾನೆ!" ಎಂದು ಅಡುಗೆಮನೆಯಿಂದ ಕೂಗಿದರೆ ಸಾಕು, ಮಾವ ಶೇವಿಂಗ್ ನೊರೆಯಲ್ಲೇ ಸ್ಕ್ರೂಡ್ರೈವರ್ ಹಿಡಿದು ಓಡಿಬರುತ್ತಾರೆ. ಅತ್ತೆಯ ಕಿವಿ ಒಮ್ಮೆಯೂ ತಪ್ಪಿದ್ದಿಲ್ಲ.

ಒಮ್ಮೆ ಮಗಳನ್ನು ನೋಡಲು ಅತ್ತೆಯ ಜೊತೆ ಪರ್ತ್‌ಗೆ ಹೋದ ಮಾವ ಯಾವುದೋ ಗುಜರಿಯಲ್ಲಿ ಅದೇ ಜಾತಿಯ ಮೋಟಾರುಗಳನ್ನು ಹುಡುಕಿ, ಹ್ಯಾಂಡ್‌ಬ್ಯಾಗಿನಲ್ಲಿಟ್ಟು ಎದೆಗವಚಿಕೊಂಡು ವಾಪಸು ಹೊರಟರು. ಏರ್‌ಪೋರ್ಟ್ ಸೆಕ್ಯುರಿಟಿಯವನು ಬ್ಯಾಗ್ ತೆಗೆಸಿ ಇದೇನು ಅಂತ ಕೇಳಿದ. ಮಾವ ಹೆಮ್ಮೆಯಿಂದ, "ಸ್ಪೇರ್ಸ್! ಫಾರ್ ಮೈ ಸನ್ಸ್!" ಅಂದರು. ಮುಂದಿನ ಕಥೆ ಕೇಳಬೇಡಿ, ಸ್ಪೇರುಗಳಂತೂ ಕೊನೆಗೆ ಮನೆ ಸೇರಿದವು. ಅವರನ್ನು ಪಕ್ಕದ ಕೋಣೆಗೆ ಕರೆದೊಯ್ಯುವಾಗ ಅತ್ತೆ ಯಾರೋ ಅಪರಿಚಿತರಂತೆ ಪತ್ರಿಕೆ ಓದುತ್ತಿದ್ದರಂತೆ!

ಆಯುಧಪೂಜೆಯದು ಇನ್ನೊಂದು ರಾಮಾಯಣ. ಮಾವ ಚಿಕ್ಕೋನ ಒಂದೊಂದು ರೆಕ್ಕೆಗೂ ಧಾರಾಳವಾಗಿ ಅರಿಶಿನ ಕುಂಕುಮ ಹಚ್ಚಿದರು, ಮಂಗಳಾರತಿ ಎತ್ತಿದರು, ಸ್ವಿಚ್ ಹಾಕಿದರು. ಕೋಸಂಬರಿ ತಿನ್ನಲು ಬಂದಿದ್ದ ಪಕ್ಕದ ಮನೆಯ ಆಸ್ಟ್ರೇಲಿಯನ್ ತಾತ ಬಿಳೀ ಅಂಗಿಯಲ್ಲಿ ಎದುರಿಗೇ ನಿಂತಿದ್ದರು. ಮರುಕ್ಷಣ ಅಂಗಿ, ಗಡ್ಡ, ಕೋಸಂಬರಿ ಎಲ್ಲ ಕೆಂಪೋ ಕೆಂಪು! ಪುಣ್ಯಾತ್ಮ ಕಣ್ಣೊರೆಸಿಕೊಂಡು, "ಹ್ಯಾಪಿ ಹೋಲಿ, ಮೇಟ್!" ಅಂದರು. ಮಾವನ ಚಿಂತೆಯೇ ಬೇರೆ: ಬೇರಿಂಗಿಗೆ ಕುಂಕುಮ ಹೋಯಿತೇ?

ಆಮೇಲೆ ಬಂತು ಆ ಜುಲೈ, ಇಲ್ಲಿಯ ನಡುಚಳಿಗಾಲ. ನಾನು ಬ್ರಿಸ್ಬೇನಿನ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನವಳು, ನಮ್ಮಲ್ಲಿ ಸ್ವೆಟರ್ ಬರೀ ಅಲಂಕಾರಕ್ಕೆ. ರಜೆಗೆಂದು ಮಾವನ ಮನೆಗೆ ಬಂದವಳು ಒಲೆ ಬಿಟ್ಟು ಕದಲಿರಲಿಲ್ಲ. ಒಂದು ಮಧ್ಯಾಹ್ನ ಬಿರುಗಾಳಿಗೆ ಮರ ಬಿದ್ದು ಇಡೀ ಬೆಟ್ಟದ ಕರೆಂಟ್ ಹೋಯಿತು. ದೊಡ್ಡೋನು, ಚಿಕ್ಕೋನು ಇಬ್ಬರೂ ಗಪ್‌ಚಿಪ್. ಕೆಂಡ ಮಂಕಾಗತೊಡಗಿತು. ಅತ್ತೆ ವೀಣೆ ಬದಿಗಿಟ್ಟು ಬೆರಳುಗಳನ್ನು ಶಾಲಿನೊಳಗೆ ಸೇರಿಸಿಕೊಂಡರು.

ನನ್ನ ನಾಲಿಗೆ ಸುಮ್ಮನಿರಬೇಕಲ್ಲ! "ಮಾವ, ಅತ್ತೆಗೆ ಪರ್ತ್ ಟಿಕೆಟ್ ಬುಕ್ ಮಾಡ್ಲಾ?"

ಮಾವ ನಗಲಿಲ್ಲ. ಎದ್ದುಹೋಗಿ ಬಟ್ಟಲಿನಲ್ಲಿ ಕೊಬ್ಬರಿ ಎಣ್ಣೆ ತಂದು, ಇನ್ನೂ ಬಿಸಿಯಿದ್ದ ಒಲೆಯ ಮೇಲಿಟ್ಟರು. ಎಣ್ಣೆ ಬೆಚ್ಚಗಾದ ಮೇಲೆ ಅತ್ತೆಯ ಕಾಲಬಳಿ ನೆಲದ ಮೇಲೆ ಕೂತು ಅವರ ಕೈ ತೆಗೆದುಕೊಂಡರು. ಒಂದೊಂದೇ ಗೆಣ್ಣಿಗೆ ಎಣ್ಣೆ ಹಚ್ಚಿ, ಮೆಲ್ಲಗೆ ಮಡಿಸಿ, ಬಿಡಿಸಿದರು. "ಆಡಿಸ್ತಾ ಇರ್ಬೇಕು ಕಣೇ" ಅಂದರು. ಈ ಬಾರಿ ಹೇಳಿದ್ದು ನನಗಲ್ಲ. ಇಷ್ಟು ವರ್ಷ ಈ ಮನುಷ್ಯನನ್ನು ನೋಡಿ ಬರೀ ನಕ್ಕಿದ್ದೆನಲ್ಲಾ ಎನಿಸಿತು ನನಗೆ.

"ಕರೆಂಟ್ ಹೋದ್ರೆ ಪಾಪ ಹುಡುಗ್ರೇನು ಮಾಡ್ತಾರೆ? ಟಿಕೆಟ್ಟೂ ಬೇಡ, ಏನೂ ಬೇಡ" ಅಂದರು ಅತ್ತೆ. ಆಮೇಲೆ ಬಟ್ಟಲಿನೊಳಗೆ ಇಣುಕಿದರು. "ಅದ್ಸರಿ, ಅವರಿಗೆ ಎರಡೇ ಹನಿ ಬಿಡ್ತೀರಿ. ನನಗ್ಯಾಕ್ರೀ ಬಟ್ಟಲು ಪೂರ್ತಿ?"

ಮಾವ ತಲೆಯೆತ್ತದೆ ಮುಂದಿನ ಬೆರಳು ಹಿಡಿದರು.

"ಅವರಿಗೆ ಸ್ಪೇರ್ ಇದೆ ಕಣೇ."