ಇದ್ದಿಲು ಬಸ್ಸೂ ಗಟ್ಟಿ ಕಾಫಿಯೂ

"ಕಾಫೀನೂ ಬಿಡಲ್ಲ, ಬೆಂಗಳೂರು ಬಸ್ಸನ್ನೂ ಬಿಡಲ್ಲ!"

ಅನುಸೂಯಮ್ಮ ಒಲೆಯ ಮುಂದೆ ಊದುಗೊಳವೆ ಎತ್ತಿ ಹಿಡಿದು ಶಪಥ ಮಾಡಿದಳು. ಗದೆ ಎತ್ತಿದ ಭೀಮನಿಗೂ ಅಷ್ಟು ಗತ್ತು ಇದ್ದಿರಲಾರದು!

ಎರಡನೆಯ ಹೆರಿಗೆಯಾದ ಮೇಲೆ ಅವಳ ಮೂತ್ರಕೋಶ ಬಲು ನಾಜೂಕಾಗಿತ್ತು. ಬಿಸಿ ಏನೇ ಒಳಗೆ ಹೋಗಲಿ, ಕೂಡಲೇ ಅವಸರ. ಯಾವುದು ಎಷ್ಟು ಹೊತ್ತು ತಾಳುತ್ತದೆಂದು ಪಂಚಾಂಗದ ಅಂಚಿನಲ್ಲಿ ಬರೆದಿಟ್ಟಿದ್ದಳು: ಜೀರಿಗೆ ಕಷಾಯ, ಒಂದೂವರೆ ಗಂಟೆ. ಶುಂಠಿ ಕಷಾಯ, ಒಂದು ಗಂಟೆ. ಕಾಫಿ, ಅರ್ಧ ಗಂಟೆ. ಗಟ್ಟಿ ಕಾಫಿ, ದೇವರೇ ಗತಿ!

ಹಾಗೆಂದು ಆ ಘಮವನ್ನು ಬಿಡುವುದುಂಟೆ? ರೊಟ್ಟಿಯ ಜೊತೆ ಗುಟುಕು ಗುಟುಕಾಗಿ ಅರ್ಧ ಲೋಟ ಕುಡಿದು, ಹೊತ್ತಿಗೆ ಸರಿಯಾಗಿ ಹಿತ್ತಲಿಗೆ ಹೋಗಿಬಂದರೆ ಮನೆಯಲ್ಲಿ ಯಾವ ತಕರಾರೂ ಇರಲಿಲ್ಲ. ತಕರಾರೆಲ್ಲ ಬಸ್ಸಿನಲ್ಲಿ. ಹೋದ ಸಲ ಅವಳಿಗಾಗಿ ಬಸ್ಸು ಮೂರು ಕಡೆ ನಿಂತಿತ್ತು. ದೊಡ್ಡಬಳ್ಳಾಪುರದ ಮಗ್ಗಗಳೆಲ್ಲ ಒಟ್ಟಿಗೆ ನಿಂತರೂ ಅತ್ತೆ ಅಮ್ಮಯಮ್ಮನಿಗೆ ಅಷ್ಟು ಅವಮಾನವಾಗುತ್ತಿರಲಿಲ್ಲ!

"ನೋಡೇ, ನಾಳೆ ಬೆಂಗಳೂರಿಗೆ, ನೆಂಟರ ಮನೆ ನಾಮಕರಣಕ್ಕೆ ಹೋಗ್ಬೇಕು. 'ಬಸ್ಸು ನಿಲ್ಸಿ' ಅಂತ ಒಂದೇ ಒಂದ್ಸಲ ನಿನ್ನ ಬಾಯಿಂದ ಬಂತೋ, ಕಾಫಿಪುಡಿ ಡಬ್ಬ ನನ್ನ ಪೆಟ್ಟಿಗೆ ಒಳಗೆ. ಬೀಗ ಹಾಕ್ಬಿಡ್ತೀನಿ!"

"ಬರದೇ ಹೋದ್ರೆ, ಅತ್ತೆ?"

"ದಿನಾ ಎರಡು ಲೋಟ ಕುಡಿ. ನಾನು ಕಮಕ್ ಕಿಮಕ್ ಅನ್ನಲ್ಲ."

"ನಾನೇ ಸಾಕ್ಷಿ!" ಎಂದ ಗಂಡ ಗೋಪಾಲಪ್ಪ, ಮಗ್ಗದ ಗುಂಡಿಯಿಂದಲೇ.

ಬೆಳಿಗ್ಗೆ ಎಲ್ಲವೂ ಲೆಕ್ಕಾಚಾರದಂತೆ ನಡೆಯಿತು. ಆರಕ್ಕೆ ಅರ್ಧ ಲೋಟ, ಹಿತ್ತಲಿಗೆ ಎರಡು ಸಲ, ಏಳಕ್ಕೆ ಬಸ್‌ಸ್ಟ್ಯಾಂಡು. ಆದರೆ ಅದು ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಅನಿಲದಲ್ಲಿ ಓಡುತ್ತಿದ್ದವು. ಬಸ್ಸಿನ ಬೆನ್ನಿಗಿದ್ದ ದೊಡ್ಡ ಒಲೆಗೆ ಕಂಡಕ್ಟರ್ ಆವಲಪ್ಪ ಗಾಳಿಚಕ್ರ ತಿರುವಿದ, ತಿರುವಿದ, ತಿರುವುತ್ತಲೇ ಇದ್ದ. ಕೆಂಡ ಕಣ್ಣು ಬಿಡಲಿಲ್ಲ.

ಮೈ ಕೊರೆಯುವ ಚಳಿ. ಎದುರಿನ ಹೋಟೆಲಿನಿಂದ ಗಟ್ಟಿ ಕಾಫಿಯ ಘಮ.

"ಬೇಡ ಕಣೇ," ಎಂದ ಗೋಪಾಲಪ್ಪ.

"ಅಯ್ಯೋ, ಈ ಬಸ್ಸು ಹೊರಡೋಷ್ಟ್ರಲ್ಲಿ ಹತ್ತು ಸಲ ಹೋಗ್ಬರ್ತೀನಿ! ತರಿಸ್ರೀ!"

ಕೊನೆಯ ಗುಟುಕು ಗಂಟಲಿಗಿಳಿಯಿತು. ಅದಕ್ಕೇ ಕಾದಿದ್ದಂತೆ ಬಸ್ಸು ಗುಡುಗಿತು!

"ಹತ್ರೀ, ಹತ್ರೀ! ಆರಿಹೋದ್ರೆ ಇನ್ನೊಂದು ಗಂಟೆ ಬೇಕು!" ಎಂದು ಆವಲಪ್ಪ ಎಲ್ಲರನ್ನೂ ಒಳಕ್ಕೆ ತುಂಬಿದ.

ಅರ್ಧ ಗಂಟೆಯಲ್ಲಿ ಅನುಸೂಯಮ್ಮನ ಮುಖ ಸಣ್ಣಗಾಯಿತು. ಮಗುವನ್ನು ಈ ತೊಡೆಯಿಂದ ಆ ತೊಡೆಗೆ ಬದಲಿಸಿದಳು. ರಸ್ತೆಯ ಒಂದೊಂದು ಹಳ್ಳವೂ ಅತ್ತೆಯ ಪಕ್ಷವೇ!

"ಏನೇ, ಬಾಯಿಗೆ ಬರ್ತಿದೆಯಾ ಮಾತು?" ಅತ್ತೆ ನಕ್ಕಳು.

"ಇಲ್ಲ ಅತ್ತೆ. ಹೊರಗಡೆ ಹಸಿರು ನೋಡ್ತಿದೀನಿ."

ರಾಜಾನುಕುಂಟೆಯ ಹತ್ತಿರ ಏರು ಬಂತು. ಬಸ್ಸು ಎರಡು ಸಲ ಕೆಮ್ಮಿ, ತಾನಾಗಿಯೇ ನಿಂತಿತು!

"ಗಂಡಸ್ರೆಲ್ಲಾ ಇಳೀರಿ, ತಳ್ಬೇಕು!"

"ಕಾಲು ಜೋಮು ಹಿಡೀತು ಅತ್ತೆ, ಇವನನ್ನ ಹಿಡ್ಕೊಳ್ಳಿ," ಎಂದವಳೇ ಅನುಸೂಯಮ್ಮ ಗಂಡಸರಿಗಿಂತ ಮೊದಲು ಇಳಿದು ಬೇಲಿಯಾಚೆ ಮಾಯವಾದಳು. ಆಹಾ! ಆ ಕ್ಷಣದಲ್ಲಿ ಯಾರಾದರೂ ಮೈಸೂರು ಸಂಸ್ಥಾನವನ್ನೇ ಕೊಡುತ್ತೇನೆಂದರೂ ಬೇಡವೆನ್ನುತ್ತಿದ್ದಳು.

ಸೆರಗು ಸರಿಮಾಡಿಕೊಂಡು ಈಚೆ ಬಂದರೆ, ತಳ್ಳಿದ ಗಂಡಸರನ್ನು ಹತ್ತಿಸಿಕೊಂಡು ಬಸ್ಸು ಹೊರಟೇಹೋಗಿದೆ! ಹೊರಟಿದೆ ಎನ್ನುವುದಕ್ಕಿಂತ ತೆವಳುತ್ತಿದೆ. ರಸ್ತೆ ಬಳಸಿ ಹೋಗುವಲ್ಲಿ ಹೊಲದ ನಡುವೆ ಕಾಲುದಾರಿಯಿತ್ತು. ಅನುಸೂಯಮ್ಮ ನೆರಿಗೆ ಎತ್ತಿ ಸಿಕ್ಕಿಸಿ, ರಾಗಿಯ ತೆನೆಗಳ ನಡುವೆ ಬೀಸುಹೆಜ್ಜೆ ಹಾಕಿ, ಬಸ್ಸಿಗಿಂತ ಮೊದಲೇ ಮುಂದಿನ ತಿರುವಿನಲ್ಲಿ ನಿಂತಳು.

ಅಷ್ಟರಲ್ಲಿ ಬಸ್ಸಿನೊಳಗಿಂದ ಅತ್ತೆಯ ಆರ್ತನಾದ ಕೇಳಿಸಿತು.

"ಅಯ್ಯೋ, ನನ್ನ ಸೊಸೆ ಅಲ್ಲೇ ಉಳಿದ್ಲು! ಬಸ್ಸು ನಿಲ್ಸಿ! ಬಸ್ಸು ನಿಲ್ಸೀ!"

"ಏರಲ್ಲಿ ನಿಲ್ಸಿದ್ರೆ ಸತ್ತೇ ಹೋಗುತ್ತಮ್ಮಾ!"

"ಸಾಯ್ಲಿ! ನಿಲ್ಸೋ!"

ಬಸ್ಸು ಅನುಸೂಯಮ್ಮನ ಕಾಲ ಬುಡದಲ್ಲೇ ಬಂದು ನಿಂತಿತು. ನಿಂತಿದ್ದಷ್ಟೇ ಅಲ್ಲ, ಸತ್ತಿತು.

ಕಿಟಕಿಯಲ್ಲಿ ಗೋಪಾಲಪ್ಪನ ಮುಖ ಅರಳಿತು. "ಅಮ್ಮ, ಆ ಮಾತು ನಿನ್ನ ಬಾಯಿಂದ ಬಂತು! ನಾನೇ ಸಾಕ್ಷಿ!"

ಗೆದ್ದ ರಾಣಿಯ ಹಾಗೆ ಅನುಸೂಯಮ್ಮ ಮೆಟ್ಟಿಲ ಮೇಲೆ ಕಾಲಿಟ್ಟಳು. ಅಮ್ಮಯಮ್ಮ ಮಗುವನ್ನು ಎದೆಗವಚಿಕೊಂಡು ಬಾಗಿಲಿಗೆ ಅಡ್ಡ ನಿಂತಿದ್ದಳು. ಅವಳ ಕಣ್ಣಲ್ಲಿ ನೀರು, ಮೂಗಿನ ತುದಿಯಲ್ಲಿ ಸಿಟ್ಟು.

"ಗೆದ್ದೆ ಕಣೇ, ಒಪ್ಕೊಂಡೆ. ದಿನಾ ಎರಡು ಲೋಟ ನಿಂದೇ. 'ಕಾಫಿ ಕುಡಿದ್ರೆ ಎಷ್ಟು ಶಕ್ತಿ ಬರುತ್ತೆ ಗೊತ್ತಾ ಅತ್ತೆ' ಅಂತಿದ್ಯಲ್ಲ? ಎಲ್ಲಿ, ಹಿಂದಕ್ಕೆ ಹೋಗಿ ಗಂಡಸ್ರ ಜೊತೆ ತಳ್ಳು, ನೋಡೇಬಿಡ್ತೀನಿ!"