ಗಿರಣಿ ಮಾಲೀಕರು ಆಕಾಶದಿಂದ ಇಳಿದದ್ದು

ಫೆಬ್ರುವರಿ ಇಪ್ಪತ್ತೆರಡು, ನಾಟಕದ ದಿನ. ಬೆಳಿಗ್ಗೆ ತೆಳು ಮಂಜು, ಹತ್ತರ ನಂತರ ಬಿಸಿಲು, ಗಾಳಿ ಇಲ್ಲ.

ಎದ್ದ ಕೂಡಲೇ ಗಾಳಿ ನೋಡುವುದು ನನ್ನ ಹಳೆಯ ಅಭ್ಯಾಸ. ಸೈನ್ಯದಲ್ಲಿ, ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಜಿಗಿಯುವವರನ್ನು ಜಿಗಿಯುವ ಮುನ್ನ ಮೈಮುಟ್ಟಿ ಪರೀಕ್ಷಿಸುವುದು ನನ್ನ ಕೆಲಸವಾಗಿತ್ತು. ಹೆಗಲ ಪಟ್ಟಿ, ಎದೆಯ ಪಟ್ಟಿ, ತೊಡೆಯ ಪಟ್ಟಿ, ಸಾಮಾನಿನ ಚೀಲ, ಬಂದೂಕು. ನಾನು ಬೆನ್ನು ತಟ್ಟಿ ಕಳಿಸಿದ ಯಾರೂ ಪಟ್ಟಿ ಬಿಚ್ಚಿ ಬಿದ್ದಿಲ್ಲ. ಹೇಳಿಕೊಳ್ಳಲು ನನಗಿರುವುದು ಇದೊಂದೇ.

ನಿವೃತ್ತನಾಗಿ ಶಿಗ್ಗಾವಿಗೆ ಬಂದಾಗ ಈ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಇಂಥವು ಮುಗಿಯುವುದಿಲ್ಲ. ಕಟ್ಟುವವನು ಇದ್ದಾನೆಂದು ತಿಳಿದರೆ ಕಟ್ಟಿಸಿಕೊಳ್ಳುವವರು ಹುಡುಕಿಕೊಂಡು ಬರುತ್ತಾರೆ. ಬಂದು, ಹೇಳಿದ್ದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡುತ್ತಾರೆ.

ತೊಡೆಯ ಪಟ್ಟಿ

ಜನವರಿಯಲ್ಲಿ ದುಂಡಸಿಯಿಂದ ಇಬ್ಬರು ಮನೆಗೆ ಬಂದರು. ಒಬ್ಬರು ಹಿಟ್ಟಿನ ಗಿರಣಿಯ ಮಾಲೀಕರು, ಐವತ್ತರ ಆಚೀಚೆ, ತೂಕ ಕ್ವಿಂಟಲಿಗೆ ಸ್ವಲ್ಪ ಕಡಿಮೆ. ಇನ್ನೊಬ್ಬರು ಹಾನಗಲ್ಲಿನ ನಾಟಕದ ಮಾಸ್ತರರು. ಊರಿನ ವಾಚನಾಲಯಕ್ಕೆ ಹೊಸ ಛಾವಣಿ ಹಾಕಿಸಲು ನಾಟಕ ಆಡುತ್ತಾರಂತೆ.

“ನಾಟಕದಾಗ ಹೀರೋ ಮಿಲ್ಟ್ರಿಯಾಂವ ಇದ್ದಾನ್ರಿ. ಪ್ಯಾರಾಚೂಟ್‌ದಾಗ ಸ್ಟೇಜಿಗೆ ಇಳೀತಾನ,” ಎಂದರು ಮಾಸ್ತರರು.

“ಹೀರೋನ್ನ ಕರ್ಕೊಂಡ ಬಂದಿದ್ರ ಅಳತಿ ನೋಡಬಹುದಿತ್ತು,” ಅಂದೆ.

ಗಿರಣಿ ಮಾಲೀಕರು ಚಹಾದ ಬಶಿ ಕೆಳಗಿಟ್ಟರು. “ಹೀರೋ ನಾನ ಅದೇನ್ರಿ.”

ಹುಬ್ಬಳ್ಳಿಯ ಗುಜರಿಯಿಂದ ತಂದ ಹಳೆಯ ಮಿಲಿಟರಿ ಪಟ್ಟಿಗಳನ್ನು ಚೀಲದಿಂದ ತೆಗೆದು ತೋರಿಸಿದರು. ಹೆಗಲಿನವು ಇದ್ದವು, ಎದೆಯದು ಇತ್ತು. ಸೊಂಟದ ಕೆಳಗೆ ಏನೂ ಇರಲಿಲ್ಲ.

“ತೊಡೀ ಪಟ್ಟಿ ಎಲ್ಲಿ?”

“ಅದಕ್ಕ ಅಂಗಡಿಯಾಂವ ಬ್ಯಾರೆ ರೊಕ್ಕ ಕೇಳಿದಾರಿ. ತೂಗಹಾಕೂದು ಹೆಗಲ ಹಿಡದಲ್ರಿ, ಕಾಲಿಗ್ಯಾಕ ಅಂತ ಬಿಟ್ಟ ಬಂದ್ವಿ.”

ಜೋತುಬಿದ್ದ ಮನುಷ್ಯನ ಇಡೀ ಭಾರ ತೊಡೆಯ ಪಟ್ಟಿಗಳ ಮೇಲೆ ಕೂರುತ್ತದೆ, ಅವು ಇಲ್ಲದಿದ್ದರೆ ಕೈ ಮೇಲೆತ್ತಿದ ಕ್ಷಣ ಪಟ್ಟಿ ಮೇಲೆ ಉಳಿದು ಮನುಷ್ಯ ಕೆಳಗೆ ಜಾರಿ ಬರುತ್ತಾನೆ ಎಂದು ಬಿಡಿಸಿ ಹೇಳಿದೆ. ಮಾಸ್ತರರು ಪಟ್ಟಿಗಳನ್ನು ಮತ್ತೆ ಚೀಲಕ್ಕೆ ತುಂಬಿದರು.

“ಹೆಂಗಿದ್ರೂ ಇವ್ರು ಕೆಳಗ ಬರಬೇಕಲ್ರಿ,” ಎಂದರು.

ಅಳತೆ

ಆ ಗುಜರಿ ಮಾಲನ್ನು ಹಿಂದಕ್ಕೆ ಕಳಿಸಿ, ಮೊಬೈಲ್ ಟವರ್ ಹತ್ತುವವರು ಹಾಕಿಕೊಳ್ಳುವ ಹೊಸ ಪಟ್ಟಿಗಳನ್ನು ತರಿಸಿದೆ. ಕಟ್ಟುವ ಕ್ರಮ ಹೆಚ್ಚುಕಡಿಮೆ ನಮ್ಮದೇ. ಗಿರಣಿಯ ಅಂಗಳದಲ್ಲಿ ಮೊದಲ ಅಳತೆ. ನೋಡಲು ಅರ್ಧ ಊರು ಬಂದಿತ್ತು.

ನಿಯಮ ಸರಳ. ಪಟ್ಟಿ ತಿರುಚಿರಬಾರದು. ಪಟ್ಟಿಗೂ ಮೈಗೂ ನಡುವೆ ಚಾಚಿದ ಅಂಗೈ ಹೋಗಬೇಕು, ಮುಷ್ಟಿ ಹೋಗಬಾರದು. ಬಿಗಿದು ನೋಡಿದೆ, ಸರಿಯಾಗಿತ್ತು. ನೋಡುವವರಲ್ಲಿ ಹೆಂಗಸರೂ ಇದ್ದುದರಿಂದ ಮಾಲೀಕರು ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದರೆಂದು ಅವರ ಮುಖ ಕೆಂಪೇರಿದಾಗ ಗೊತ್ತಾಯಿತು.

“ಉಸಿರ ಬಿಡ್ರಿ.”

ಬಿಟ್ಟರು. ಈಗ ಅಂಗೈ ಇರಲಿ, ಕಡ್ಡಿಯೂ ಹೋಗುವಂತಿರಲಿಲ್ಲ. ಎಲ್ಲ ಸಡಿಲಿಸಿ ಮತ್ತೆ ಮೊದಲಿನಿಂದ ಬಿಗಿದೆ. ಕೈ ತೊಳೆದು ಬರುವಷ್ಟರಲ್ಲಿ ಪಟ್ಟಿಗಳು ಮಾಲೀಕರ ಮೊಣಕಾಲಿನ ಹತ್ತಿರ ಜೋತಾಡುತ್ತಿದ್ದವು.

“ಯಾರ ಬಿಚ್ಚಿದ್ರು?”

“ನಾನ್ರಿ,” ಎಂದ ಗಿರಣಿಯ ಹಮಾಲ. “ಮಾಲಕ್ರನ್ನ ಎತ್ತಿನಂಗ ಬಿಗದೀರಿ. ನೋಡಾಕ ಆಗಲಿಲ್ರಿ.”

“ನಾ ಬ್ಯಾಡ ಅಂದ್ನಿ, ಕೇಳಲಿಲ್ಲ,” ಎಂದರು ಮಾಲೀಕರು, ಸುಖವಾಗಿ ಉಸಿರಾಡುತ್ತ.

“ಮತ್ತ ಬಿಗೀಬೇಕು. ನಿಂದರ್ರಿ.”

“ತಡೀರಿ ಸಾಹೇಬ್ರ. ಚುರುಮುರಿ ಮಿರ್ಚಿ ತರಸೇನಿ. ತಿಂದ ಮ್ಯಾಲ ಅಳತಿ ತಗೊಂಡ್ರ ಖರೇ ಬರತೈತಿ.”

ಆ ಇಡೀ ತಿಂಗಳಲ್ಲಿ ಅವರ ಬಾಯಿಂದ ಬಂದ ಶಾಸ್ತ್ರೋಕ್ತವಾದ ಮಾತು ಅದೊಂದೇ.

ಎತ್ತುವ ಗಾಡಿ

ಮೇಲೆತ್ತಲು ಬೋರ್‌ವೆಲ್ಲಿನ ಮೋಟಾರ್ ಎತ್ತುವ ಗಾಡಿ ಬಂತು. ಅದು ಮಾಲೀಕರ ಹೆಂಡತಿಯ ತಮ್ಮನದು, ಸವಣೂರಿನವನು. ನಮ್ಮ ಕಡೆ ಅಕ್ಕನ ಗಂಡ ಮಾವ, ಹೆಂಡತಿಯ ತಮ್ಮ ಅಳಿಯ. ರಂಗದ ಹಿಂದೆ ಗಾಡಿ ನಿಲ್ಲಿಸಿ, ತಂತಿಹಗ್ಗವನ್ನು ಮೇಲಿನ ರಾಟೆಯಿಂದ ರಂಗಕ್ಕೆ ಇಳಿಬಿಟ್ಟೆವು. ಮೊದಲು ಮರಳಿನ ಚೀಲ ಎತ್ತಿಸಿದೆ, ಇಳಿಸಿದೆ. ಕೆಲಸದಲ್ಲಿ ಅವನು ಅಚ್ಚುಕಟ್ಟು.

“ಲಿವರ್ ಮ್ಯಾಲ ನಿಮ್ಮೊಬ್ಬರದ ಕೈ ಇರಬೇಕು,” ಅಂದೆ. “ಜಾಗಾ ಬಿಟ್ರ ಮಷಿನ್ ಬಂದ್ ಮಾಡಿ ಕೀಲಿ ಕಿಸೇದಾಗ ಇಟ್ಕೋರಿ.”

“ಆತ್ರಿ.”

ಮಾಲೀಕರನ್ನು ಎತ್ತಿದ. ಎತ್ತಿ, ಯಂತ್ರ ಬಂದ್ ಮಾಡಿ, ಕೀಲಿ ಜೇಬಿಗೆ ಹಾಕಿಕೊಂಡು ನಿಧಾನವಾಗಿ ಮುಂದೆ ಬಂದ. ಕೆಳಗೆ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದ.

“ಎಷ್ಟ ಫೂಟಿಗೆ ನೀರ ಹತ್ತೇತಿ ಮಾವಾ?”

ಮಾವ ಮೇಲಿನಿಂದ ಅವನ ಮೂರು ತಲೆಮಾರನ್ನು ನೆನೆದರು. ಅವನು ನನ್ನ ಕಡೆ ತಿರುಗಿ ಬೇಸರದಿಂದ ತಲೆಯಾಡಿಸಿದ.

“ಮೋಟಾರ್ ಚಲೋ ಇರತಾವ್ರಿ. ಎತ್ತಿದ್ದಕ್ಕ ಬಯ್ಯೂದಿಲ್ಲ.”

ಚೀಲ

ಯುದ್ಧಕ್ಕೆ ಜಿಗಿಯುವವನು ತನ್ನ ಸಾಮಾನಿನ ಚೀಲವನ್ನು ಸೊಂಟದ ಎರಡು ಬದಿಯ ಕೊಂಡಿಗಳಿಗೆ ಸಿಗಿಸಿ ಕಾಲ ಮುಂದೆ ಇಟ್ಟುಕೊಳ್ಳುತ್ತಾನೆ. ನೆಲ ಹತ್ತಿರವಾದಾಗ ಕೊಂಡಿ ಬಿಡಿಸುವ ಒಂದು ಬಾರು ಜಗ್ಗಿದರೆ ಚೀಲ ಹಗ್ಗದ ಉದ್ದಕ್ಕೆ ಕೆಳಗೆ ಹೋಗಿ ಮೊದಲು ನೆಲ ಮುಟ್ಟುತ್ತದೆ. ಮನುಷ್ಯ ಹಗುರಾಗಿ ಇಳಿಯುತ್ತಾನೆ. ಆದ್ದರಿಂದ ಎಡ ಬಲ ಭಾರ ಸಮ ಇರಬೇಕು, ಬಾರಿಗೆ ಯಾವುದೂ ತೊಡರಬಾರದು. ನಾಟಕಕ್ಕಾದ್ದರಿಂದ ಚೀಲಕ್ಕೆ ಹೊಟ್ಟು ತುಂಬಿ ಸಾಕು ಎಂದಿದ್ದೆ.

ತಾಲೀಮಿನ ದಿನ ಬಸ್ಸು ತಡವಾಗಿ, ನಾನು ತಲುಪುವಷ್ಟರಲ್ಲಿ ಮಾಲೀಕರನ್ನು ಎತ್ತಿಯಾಗಿತ್ತು. ಸೊಂಟದಿಂದ ಚೀಲ ಕಲ್ಲಿನಂತೆ ಜಗ್ಗುತ್ತಿತ್ತು. ತಕ್ಷಣ ಇಳಿಸಲು ಕೂಗಿದೆ.

“ಅದರಾಗ ಏನ್ ತುಂಬೀರಿ?”

“ಜ್ವಾಳ,” ಎಂದರು ಮಾಲೀಕರು ಮೇಲಿನಿಂದ. “ಹೊಟ್ಟು ತುಂಬಿದ್ರ ಜೋಲ ಬೀಳತೈತ್ರಿ. ಮಿಲ್ಟ್ರೀ ಚೀಲ ಖಡಕ್ ಕಾಣಬೇಕಲ್ಲ.”

“ಆ ಬಾರು ಜಗ್ರಿ ಮೊದ್ಲ!”

ಜಗ್ಗಿದರು. ಬರಲಿಲ್ಲ. ಹಮಾಲ ಮುಂದೆ ಬಂದು ವಿನಯದಿಂದ ಹೇಳಿದ: “ಬರೂದಿಲ್ರಿ. ಬಿಚ್ಚಿಗಿಚ್ಚೀತು ಅಂತ ಮ್ಯಾಲ ಇನ್ನೆರಡ ಗಂಟ ಹಾಕೇನಿ.”

ಅಷ್ಟರಲ್ಲಿ ಗಿರಣಿಯ ಕಡೆಯಿಂದ ಒಬ್ಬ ಮುದುಕಿ ಖಾಲಿ ಬುಟ್ಟಿ ಹಿಡಿದು ಬಂದಳು. “ಮುಂಜಾನೆ ಜ್ವಾಳ ಇಟ್ಟ ಹೋಗಿದ್ನೆಲ್ಲೋ ಯಪ್ಪಾ, ಎಲ್ಲಿ?”

ಮಾಲೀಕರು ಬೆರಳಿನಿಂದ ತಮ್ಮ ಕಾಲ ಕಡೆ ತೋರಿಸಿದರು. ಮುದುಕಿ ಬುಟ್ಟಿ ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಟಳು.

“ಬೀಸಾಕ ಕೊಟ್ರ ಇದನ್ನ ಲಡಾಯಿಗೆ ಕರ್ಕೊಂಡ ಹೊಂಟಿಯೇನೋ?”

ಆಯೇರಿ

ಹತ್ತಕ್ಕೆ ಮೈಕ್ ಬಂದ್ ಮಾಡಬೇಕೆಂಬ ಷರತ್ತಿದ್ದುದರಿಂದ ನಾಟಕ ಸಂಜೆ ಆರಕ್ಕೇ ಶುರುವಾಯಿತು. ಪರದೆಯ ಹಿಂದೆ ಪಟ್ಟಿಗಳನ್ನೆಲ್ಲ ಎರಡು ಸಲ ಮುಟ್ಟಿ ನೋಡಿದೆ. ಚೀಲದಲ್ಲಿ ಹೊಟ್ಟೇ ಇತ್ತು. ಬಾರಿಗೆ ಗಂಟಿರಲಿಲ್ಲ. ಹಮಾಲನನ್ನು ಟಿಕೆಟ್ ಹರಿಯಲು ಕೂರಿಸಿದ್ದೆ. ಬಂಕಾಪುರದ ತಾಡಪತ್ರಿ ಹೊಲಿಯುವ ಚಾಚಾ ಮಾಡಿಕೊಟ್ಟ ಪ್ಯಾರಾಚೂಟಿನ ಹಸಿರು ಛತ್ರಿ ಮೇಲೆ ಅರಳಿತ್ತು. ಮಾಲೀಕರ ಬೆನ್ನು ತಟ್ಟಿದೆ.

ಬಾಜಾ ಬಾರಿಸಿದರು. ಗಿರಣಿ ಮಾಲೀಕರು ಬಂದೂಕು ಹಿಡಿದು, ಯಾವ ತೊಂದರೆಯೂ ಇಲ್ಲದೆ, ಆಕಾಶದಿಂದ ಇಳಿಯತೊಡಗಿದರು. ಜನ ಎದ್ದು ನಿಂತು ಸೀಟಿ ಹೊಡೆದರು. ಬೂಟು ಸೊಂಟದೆತ್ತರಕ್ಕೆ ಬಂದಿತ್ತು. ಆಗ ಮಾಸ್ತರರು ಮೈಕ್ ಹಿಡಿದು “ಸ್ವಲ್ಪ ತಡೀರಿ, ಆಯೇರಿ ಬಂದೈತಿ” ಎಂದರು. ಗಾಡಿ ನಿಂತಿತು.

ಇದೊಂದನ್ನು ನಾನು ಮರೆತಿದ್ದೆ. ನಮ್ಮ ಕಡೆ ಪಾತ್ರ ಮೆಚ್ಚಿಗೆಯಾದರೆ ನೋಡುವವರು ನಡುವೆಯೇ ರಂಗಕ್ಕೆ ಬಂದು ಉಡುಗೊರೆ ಕೊಡುತ್ತಾರೆ. ಯಾರು, ಎಷ್ಟು ಎಂದು ಮೈಕಿನಲ್ಲಿ ಕೂಗುತ್ತಾರೆ. ಮುಗಿಯುವ ತನಕ ಪಾತ್ರಧಾರಿ ಇದ್ದಲ್ಲೇ ಇರಬೇಕು. ಮಾಲೀಕರು ಇದ್ದದ್ದು ಗಾಳಿಯಲ್ಲಿ.

ಪಟ್ಟಿಯಲ್ಲಿ ಜೋತ ಮನುಷ್ಯನ ಕಾಲಿಗೆ ಜೋಮು ಹಿಡಿಯುತ್ತದೆ, ಆಮೇಲೆ ತಲೆ ತಿರುಗುತ್ತದೆ. ಇನ್ನೂ ಬಿಟ್ಟರೆ ಜೀವಕ್ಕೇ ಬರುತ್ತದೆ. ಅವರ ಕಾಲೂರಲು ಕಚೇರಿ ದೃಶ್ಯದ ಮೇಜನ್ನು ಎಳೆದು ತಂದೆ. “ಥ್ಯಾಂಕ್ಸ್ ರೀ” ಎಂದು ಆಯೇರಿಯವರು ಅದರ ಮೇಲೆ ಹತ್ತಿದರು. ಎದೆಯ ಪಟ್ಟಿಗೆ ನೋಟು ಚುಚ್ಚಿದರು. ಯಲವಿಗಿಯ ಬೀಗರು ತಾಮ್ರದ ಕೊಡ ತಂದು, ಸಿಕ್ಕಿಸಲು ಜಾಗ ಹುಡುಕಿ, ನಾನು ಬಿಗಿದ ಚೀಲದ ಎಡಗಡೆಯ ಕೊಂಡಿಗೇ ಸಿಕ್ಕಿಸಿದರು. ಭಾರ ಒಂದು ಕಡೆಯಾಗಿ ಮಾಲೀಕರು ವಾರೆಯಾಗಿ ತಿರುಗತೊಡಗಿದರು. ನೋಟು ಹಿಡಿದವರು ಮೇಜಿನ ಸುತ್ತ ಅವರನ್ನು ಹಿಂಬಾಲಿಸಿದರು.

ಗಾಡಿಯ ಹತ್ತಿರ ಓಡಿದೆ. ಯಂತ್ರ ಬಂದ್. ಕೀಲಿ ಇಲ್ಲ. ಮನುಷ್ಯ ಇಲ್ಲ. ಅವನು ತಲೆ ಬಾಚಿಕೊಂಡು ಆಯೇರಿಯವರ ಪಾಳಿಯಲ್ಲಿ ನಿಂತಿದ್ದ.

“ಕೀಲಿ ಕೊಡ್ರಿ!”

“ಕಿಸೇದಾಗ ಐತ್ರಿ. ನೀವ ಹೇಳಿದ್ರೆಲ್ಲ.”

“ನಡೀರಿ, ಇಳಸ್ರಿ ಅವರನ್ನ!”

“ಪಾಳಿ ಬಿಟ್ಟ ಹೆಂಗ ಬರ್ಲ್ರಿ?”

ಮರಳಿ ಬಂದು ಮಾಲೀಕರ ಬೂಟು ಅಲ್ಲಾಡಿಸಿದೆ. “ಕಾಲ ಗೊತ್ತ ಆಗತಾವೇನ್ರಿ?”

“ಒಂದ ಆಗತೈತಿ.”

“ನಾಟಕ ನಿಲ್ಲಸ್ತೇನಿ.”

“ಬ್ಯಾಡ್ರಿ!” ಅವರು ತಿರುಗುತ್ತ ದೂರವಾಗಿ ಮತ್ತೆ ಹತ್ತಿರ ಬಂದರು. “ಅಳ್ಯಾನ ಆಯೇರಿ ಆಗಲಿ. ಅವನ ಲಗ್ನದಾಗ ಬಂಗಾರದ ಉಂಗುರಾ ಹಾಕೇನಿ. ಏನ್ ವಾಪಸ್ ಕೊಡ್ತಾನ ನಾ ನೋಡೇ ಇಳಿಯಾಂವ.”

ಅಳಿಯನ ಪಾಳಿ ಬಂತು. ಅವನು ಮಾಸ್ತರರ ಕೈಯಿಂದ ಮೈಕನ್ನೇ ತೆಗೆದುಕೊಂಡ. “ನಮ್ಮ ಮಾವನ್ನ ಮ್ಯಾಲ ಎತ್ತಿದ ಬಾಡಿಗಿ ಪೂರಾ ಮಾಫ್! ಇದ ನನ್ನ ಆಯೇರಿ.”

ಚಪ್ಪಾಳೆ. ಮಾಲೀಕರು ಮೇಲಿನಿಂದಲೇ ಕೈಮುಗಿದರು. “ಶಾಬಾಸ್ ಅಳ್ಯಾ. ಇನ್ನ ಇಳಸು.”

ಅವನು ಹಿಂದೆ ಹೋಗಿ ಯಂತ್ರ ಶುರು ಮಾಡಿದ. ಹಗ್ಗ ಅಲ್ಲಾಡಲಿಲ್ಲ. ಪರದೆಯ ಸಂದಿಯಿಂದ ತಲೆ ಹೊರಗೆ ಬಂತು.

“ಎತ್ತಿದ್ದ ಮಾಫ್ ಆತು ಮಾವಾ. ಇಳಸೂದರ ಬಾಡಿಗಿ ಮಾತಾಡಲಿಲ್ಲ.”

“ಕೊಡ್ತೇನಿ ಅನ್ರಿ!” ಎಂದು ನಾನು ಕೂಗಿದೆ. ಇಷ್ಟು ವರ್ಷದಲ್ಲಿ ಕರ್ತವ್ಯದ ಮೇಲೆ ನಾನು ಹಾಗೆ ಕೂಗಿದ್ದಿಲ್ಲ.

“ಕೊಡ್ತೇನಲೇ, ಇಳಸು!”

ಹಗ್ಗ ಮೆಲ್ಲಗೆ ಇಳಿಯಿತು. ಬಾರು ಜಗ್ಗಿದೆ. ಚೀಲ ಬಿಟ್ಟುಕೊಂಡಿತು. ಬೂಟು ನೆಲ ಮುಟ್ಟಿತು. ಕಂಕುಳಿಗೆ ಹೆಗಲು ಕೊಟ್ಟು ತೊಡೆಯ ಪಟ್ಟಿಗಳನ್ನು ಬಿಚ್ಚಿದೆ. ಜೋಮು ಹಿಡಿದ ಕಾಲು ಮಡಚಿಕೊಂಡು ಮಾಲೀಕರು ನೆಲಕ್ಕೆ ಹಣೆ ಹಚ್ಚಿದರು. ತಾಯ್ನಾಡಿಗೆ ನಮಸ್ಕಾರ ಮಾಡಿದರೆಂದು ತಿಳಿದು ಜನ ಮತ್ತೆ ಚಪ್ಪಾಳೆ ತಟ್ಟಿದರು. ಇದನ್ನು ಬಿದ್ದದ್ದೆಂದು ನಾನು ಹಿಡಿಯುವುದಿಲ್ಲ. ಪಟ್ಟಿ ತಾನಾಗಿ ಬಿಚ್ಚಿರಲಿಲ್ಲ.

ಪರದೆ ಬಿದ್ದ ಮೇಲೆ ಅವರು ಮೀನಖಂಡ ತಿಕ್ಕಿಕೊಳ್ಳುತ್ತ ಕೇಳಿದರು: “ಇಳಸಿದ್ದ ಎಷ್ಟಾತಲೇ ಅಳ್ಯಾ?”

ಅಳಿಯ ಅವರ ಎದೆಯ ಮೇಲಿನ ನೋಟುಗಳನ್ನು ಒಂದೊಂದಾಗಿ ಜೋಪಾನವಾಗಿ ಬಿಡಿಸಿಕೊಳ್ಳುತ್ತಿದ್ದ.

“ಮೈಕಿನ್ಯಾಗ ಎಷ್ಟ ಆಯೇರಿ ಒದರಿದ್ರೋ ಮಾವಾ, ಅಷ್ಟೂ. ಕೊಡಾ ಒಂದ ನೀ ಇಟ್ಕೋ.”